ಸುಬೇದಾರ್ ಮೇಜರ್: ಪದದ ಅರ್ಥ, ಅರಬ್ಬಿ ಅನುವಾದ

ಪ್ರಶ್ನೆ: ನಮ್ಮ ತಂದೆ ಭೂಸೇನೆಯಲ್ಲಿ 32 ವರ್ಷ ಇದ್ದು ಸುಬೇದಾರ್ ಮೇಜರ್ ಆಗಿ ನಿವೃತ್ತರಾದರು. ಆನರರಿ ಕ್ಯಾಪ್ಟನ್ ಪದವಿಯೂ ಬಂದಿದೆ. ಈಗ ಕುವೈತ್‌ನಲ್ಲಿ ಸೆಕ್ಯುರಿಟಿ ಮೇಲ್ವಿಚಾರಕರ ಕೆಲಸಕ್ಕೆಂದು ಕಾಗದಪತ್ರಗಳನ್ನು ಅರಬ್ಬಿಗೆ ಮಾಡಿಸುತ್ತಿದ್ದೇವೆ. ಒಬ್ಬ ಅನುವಾದಕರು ಅವರ ದರ್ಜೆಯನ್ನು ‘ರಾಇದ್’ ಎಂದು ಬರೆದರು. ಇನ್ನೊಬ್ಬರು ಅದು ತಪ್ಪು, ‘ರಕೀಬ್ ಅವ್ವಲ್’ ಆಗಬೇಕು ಎಂದರು. ಏಜೆಂಟ್ ‘ದೊಡ್ಡ ದರ್ಜೆಯೇ ಇರಲಿ ಬಿಡಿ, ಸಂಬಳಕ್ಕೆ ಒಳ್ಳೆಯದು’ ಅನ್ನುತ್ತಾರೆ. ಸುಬೇದಾರ್ ಎನ್ನುವುದೇ ಅರಬ್ಬಿ ಮೂಲದ ಪದ ಅಂತಾರಲ್ಲ, ಹಾಗಿದ್ದರೆ ಅದನ್ನೇ ಬರೆದರೆ ಸಾಲದೇ? ಆ ಪದದ ನಿಜವಾದ ಅರ್ಥವೇನು? (ಸೋಮವಾರಪೇಟೆಯ ಓದುಗರು)

ಉತ್ತರ: ಎರಡೂ ತಪ್ಪು. ರಾಇದ್ ಎಂದವರು ನಿಮ್ಮ ತಂದೆಯನ್ನು ಹಲವು ಮೆಟ್ಟಿಲು ಮೇಲಕ್ಕೆ ಹತ್ತಿಸಿದರು, ರಕೀಬ್ ಅವ್ವಲ್ ಎಂದವರು ಕೆಳಕ್ಕೆ ಇಳಿಸಿದರು. ಏಜೆಂಟರ ಮಾತು ಈ ಎರಡಕ್ಕಿಂತ ಕೆಟ್ಟದ್ದು, ಯಾಕೆಂದು ಮುಂದೆ ಹೇಳುತ್ತೇನೆ. ಮೊದಲು ಬರೆಸಬೇಕಾದ ಸಾಲನ್ನೇ ಕೊಟ್ಟುಬಿಡುವುದು ಒಳ್ಳೆಯದು:

‘ಸೂಬೀದಾರ್ ಮೇಜರ್ (ಅಅಲಾ ರುತ್ಬತಿನ್ ದೂನ ರುತ್ಬತಿಲ್ ಮುಲಾಜಿಮ್ ಫಿಲ್ ಜೈಶಿಲ್ ಹಿಂದೀ), ನಕೀಬ್ ಫಖ್ರೀ, ಮುತಕಾಇದ್.’

ಅಂದರೆ: ಸುಬೇದಾರ್ ಮೇಜರ್ (ಭಾರತೀಯ ಸೇನೆಯಲ್ಲಿ ಲೆಫ್ಟಿನೆಂಟ್ ದರ್ಜೆಗಿಂತ ಕೆಳಗಿರುವುದರಲ್ಲಿ ಅತಿ ಮೇಲಿನ ದರ್ಜೆ), ಗೌರವ ಕ್ಯಾಪ್ಟನ್, ನಿವೃತ್ತ. ಮೊದಲ ಪದವನ್ನು ಅನುವಾದ ಮಾಡಿಲ್ಲ, ಅರಬ್ಬಿ ಅಕ್ಷರದಲ್ಲಿ ಹಾಗೇ ಇಳಿಸಿದೆ. ಕಂಸದೊಳಗೆ ಏಣಿಯಲ್ಲಿ ಅದರ ಜಾಗ ಎಲ್ಲಿ ಎಂದು ಹೇಳಿದೆ. ಕ್ಯಾಪ್ಟನ್ ಎಂಬುದನ್ನು ಮಾತ್ರ ಅನುವಾದಿಸಿದೆ. ಸೇನಾ ದರ್ಜೆಯನ್ನು ಅರಬ್ಬಿಗೆ ತರುವಾಗ ಪಾಲಿಸಬೇಕಾದ ನಿಯಮವೂ ಇದೇ: ಅಲ್ಲಿ ಸರಿಜೋಡಿ ಇದ್ದರೆ ಅನುವಾದ, ಇಲ್ಲದಿದ್ದರೆ ಲಿಪ್ಯಂತರ ಮತ್ತು ಒಂದು ಸಾಲಿನ ವಿವರಣೆ. ಪದದ ಅರ್ಥ ಹಿಡಿದು ದರ್ಜೆ ಹುಡುಕಲು ಹೊರಟರೆ ಎಡವುವುದು ಖಂಡಿತ.

ರಾಇದ್ ಎಲ್ಲಿಂದ ಬಂತು ಎಂದು ಊಹಿಸುವುದು ಕಷ್ಟವಲ್ಲ. ಅರಬ್ ಸೇನೆಗಳಲ್ಲಿ ರಾಇದ್ ಎಂದರೆ ಮೇಜರ್. ಹಳೆಯ ಅರ್ಥದಲ್ಲಿ, ಕುರಿ ಒಂಟೆಗಳಿಗೆ ನೀರು ಹುಲ್ಲು ಎಲ್ಲಿದೆ ಎಂದು ನೋಡಿಬರಲು ಗುಂಪು ಮುಂದಾಗಿ ಕಳಿಸುವ ಮನುಷ್ಯ. ‘ರಾಇದ್ ತನ್ನವರಿಗೆ ಸುಳ್ಳು ಹೇಳುವುದಿಲ್ಲ’ ಎಂಬ ಗಾದೆಯೇ ಅರಬ್ಬಿಯಲ್ಲಿದೆ. ನಿಮ್ಮ ಅನುವಾದಕರು ‘ಸುಬೇದಾರ್ ಮೇಜರ್’ನಲ್ಲಿ ಗೊತ್ತಿಲ್ಲದ ಮೊದಲ ಪದವನ್ನು ಬಿಟ್ಟು ಗೊತ್ತಿದ್ದ ಎರಡನೆಯದನ್ನು ಹಿಡಿದುಕೊಂಡಿದ್ದಾರೆ. ಆದರೆ ಇಲ್ಲಿ ಮೇಜರ್ ದರ್ಜೆಯ ಹೆಸರೇ ಅಲ್ಲ, ‘ಹಿರಿಯ’ ಎನ್ನುವ ವಿಶೇಷಣ. ಸಾರ್ಜೆಂಟ್ ಮೇಜರ್, ಹವಾಲ್ದಾರ್ ಮೇಜರ್ ಅನ್ನುವಾಗಲೂ ಅಷ್ಟೇ. ಯುರೋಪಿನ ಸೇನೆಗಳಲ್ಲಿ ಮೇಜರ್ ಎಂಬ ಸ್ವತಂತ್ರ ದರ್ಜೆ ಹುಟ್ಟಿದ್ದೇ ಸಾರ್ಜೆಂಟ್ ಮೇಜರ್ ಎಂಬುದರ ಮುಂದಿನ ಪದ ಉದುರಿಹೋಗಿ. ಲೆಫ್ಟಿನೆಂಟ್‌ಗಿಂತ ಮೇಜರ್ ದೊಡ್ಡವನು, ಆದರೆ ಮೇಜರ್ ಜನರಲ್‌ಗಿಂತ ಲೆಫ್ಟಿನೆಂಟ್ ಜನರಲ್ ದೊಡ್ಡವನು. ಮಕ್ಕಳು ಕೇಳುವ ಈ ಒಗಟಿನ ಮೂಲವೂ ಅಲ್ಲೇ: ಮೇಜರ್ ಜನರಲ್ ಎಂಬುದು ಮೊದಲು ಸಾರ್ಜೆಂಟ್ ಮೇಜರ್ ಜನರಲ್ ಆಗಿತ್ತು.

ಈ ತಪ್ಪಿಗೆ ಫೋಟೋ ಕೂಡ ಸಾಕ್ಷಿ ಹೇಳಿಬಿಡುತ್ತದೆ, ಅದು ಇನ್ನೊಂದು ತೊಡಕು. ತಂದೆಯವರ ಸಮವಸ್ತ್ರದ ಫೋಟೋ ತೆಗೆದು ಭುಜ ನೋಡಿ. ಅಶೋಕ ಸ್ತಂಭದ ಸಿಂಹ ಮುದ್ರೆ ಇದೆ, ಅದರ ಕೆಳಗೆ ಅಡ್ಡಲಾಗಿ ಕೆಂಪು ಹಳದಿ ಕೆಂಪು ಪಟ್ಟಿ ಇದೆ. ಮೇಜರ್ ಭುಜದ ಮೇಲೂ ಅದೇ ಸಿಂಹ ಮುದ್ರೆ, ಪಟ್ಟಿ ಮಾತ್ರ ಇಲ್ಲ. ಸುಬೇದಾರ್‌ಗೆ ಎರಡು ನಕ್ಷತ್ರ ಮತ್ತು ಪಟ್ಟಿ, ಲೆಫ್ಟಿನೆಂಟ್‌ಗೆ ಪಟ್ಟಿಯಿಲ್ಲದ ಎರಡು ನಕ್ಷತ್ರ. ನಾಯಬ್ ಸುಬೇದಾರ್‌ಗೆ ಒಂದು ನಕ್ಷತ್ರ ಮತ್ತು ಪಟ್ಟಿ. ಈಜಿಪ್ಟಿನ ಸೇನೆಯಲ್ಲಿ ಒಂದು ಹದ್ದು ಇದ್ದರೆ ರಾಇದ್, ಮೂರು ನಕ್ಷತ್ರ ಇದ್ದರೆ ನಕೀಬ್, ಎರಡು ಇದ್ದರೆ ಮುಲಾಜಿಮ್ ಅವ್ವಲ್. ಇಷ್ಟು ಅಭ್ಯಾಸವಿರುವ ಕಣ್ಣಿಗೆ ಭಾರತದ ಸುಬೇದಾರ್ ಮೇಜರ್ ಮೊದಲ ನೋಟಕ್ಕೆ ರಾಇದ್ ಆಗಿಯೇ ಕಾಣುತ್ತಾರೆ. ಆ ಕೆಂಪು ಹಳದಿ ಪಟ್ಟಿಯ ಅರ್ಥ ಗೊತ್ತಿರುವವರು ನಮ್ಮ ಉಪಖಂಡದ ಸೇನೆಗಳಲ್ಲಿ ಇದ್ದವರು ಮಾತ್ರ. ಆದ್ದರಿಂದಲೇ ವಿವರಣೆಯ ಸಾಲು ಕಾಗದದ ಮೇಲೆ ಇರಲೇಬೇಕು.

ಇನ್ನು ರಕೀಬ್. ಕಾವಲು ನೋಡುವವನು, ಕಣ್ಣಿಟ್ಟಿರುವವನು ಎಂದು ಅರ್ಥ. ಸೇನೆಯಲ್ಲಿ ಸಾರ್ಜೆಂಟ್, ನಮ್ಮ ಲೆಕ್ಕದಲ್ಲಿ ಹವಾಲ್ದಾರ್. ರಕೀಬ್ ಅವ್ವಲ್ ಅದರ ಮೇಲಿನ ಮೆಟ್ಟಿಲು, ಅಷ್ಟೇ. ಹವಾಲ್ದಾರ್ ಆದ ಮೇಲೆ ನಾಯಬ್ ಸುಬೇದಾರ್, ಸುಬೇದಾರ್ ಆಗಿ, ಆಮೇಲೆ ಬೆಟಾಲಿಯನ್‌ಗೊಬ್ಬರೇ ಇರುವ ಸುಬೇದಾರ್ ಮೇಜರ್ ಆದವರನ್ನು ರಕೀಬ್ ಅವ್ವಲ್ ಎಂದು ಕರೆದರೆ, ಅವರು ಕೊನೆಯ ಮೂರು ಬಡ್ತಿಗಳನ್ನು ಪಡೆದೇ ಇಲ್ಲ ಎಂದಂತೆ. ನಾಯಬ್ ಸುಬೇದಾರ್‌ನಿಂದ ಸುಬೇದಾರ್ ಮೇಜರ್‌ವರೆಗಿನ ಜೆಸಿಓಗಳು (ಜೂನಿಯರ್ ಕಮಿಷನ್ಡ್ ಆಫೀಸರ್‌ಗಳು) ಗ್ರೂಪ್ ‘ಬಿ’ ಗೆಜೆಟೆಡ್ ದರ್ಜೆಯವರು. ರಕೀಬ್ ಬರುವುದು ‘ದಾಬಿತ್ ಸಫ್’ ಎಂಬ ಗುಂಪಿನಲ್ಲಿ, ಅಂದರೆ ಕಮಿಷನ್ ಇಲ್ಲದ, ಸಾಲಿನ ಜೊತೆ ನಿಲ್ಲುವ ಅಧಿಕಾರಿಗಳ ಗುಂಪಿನಲ್ಲಿ. ಅಂದಹಾಗೆ ದಾಬಿತ್ ಎಂಬ ಪದ ನಮಗೆ ಅಪರಿಚಿತವಲ್ಲ. ಹಿಡಿತದಲ್ಲಿಡು ಎಂಬ ಅದರ ಧಾತುವಿನಿಂದಲೇ ಕೋರ್ಟಿನ ‘ಜಪ್ತಿ’ ಬಂದಿರುವುದು.

ತೊಂದರೆಯ ಬೇರು ಇರುವುದು ಏಣಿಯಲ್ಲೇ. ಅರಬ್ ಸೇನೆಗಳಲ್ಲಿ ಏಣಿಗೆ ಎರಡು ಭಾಗ: ಸಿಪಾಯಿಯಿಂದ ಹಿರಿಯ ಸಾರ್ಜೆಂಟ್ ಅಥವಾ ವಾರಂಟ್ ದರ್ಜೆಯವರೆಗೆ ಒಂದು, ಲೆಫ್ಟಿನೆಂಟ್‌ನಿಂದ ಮೇಲಕ್ಕೆ ಇನ್ನೊಂದು. ನಮ್ಮಲ್ಲಿ ನಡುವೆ ಮೂರನೆಯ ಭಾಗವೊಂದಿದೆ. ಬ್ರಿಟಿಷರ ಕಾಲದಲ್ಲಿ ಇವರನ್ನು ವೈಸರಾಯ್ ಕಮಿಷನ್ ಪಡೆದ ಅಧಿಕಾರಿಗಳು ಎನ್ನುತ್ತಿದ್ದರು, ಸ್ವಾತಂತ್ರ್ಯ ಬಂದ ಮೇಲೆ ಜೆಸಿಓ ಎಂದಾಯಿತು. ಜವಾನರು ಇವರನ್ನು ‘ಸಾಬ್’ ಎನ್ನುತ್ತಾರೆ. ಪ್ಲಟೂನ್ ನಡೆಸುವುದು ಇವರ ಕೆಲಸ. ಸುಬೇದಾರ್ ಮೇಜರ್ ಅಂತೂ ಜವಾನರ ಮತ್ತು ಜೆಸಿಓಗಳ ವಿಷಯದಲ್ಲಿ ಕಮಾಂಡಿಂಗ್ ಆಫೀಸರ್‌ಗೆ ನೇರವಾಗಿ ಸಲಹೆ ಕೊಡುವವರು. ಭಾರತ, ಪಾಕಿಸ್ತಾನಗಳಂಥ ಸೇನೆಗಳಲ್ಲಿ ಬಿಟ್ಟರೆ ಈ ನಡುಭಾಗ ಬೇರೆಡೆ ಇಲ್ಲ. ಇಲ್ಲದ ವಸ್ತುವಿಗೆ ಅರಬ್ಬಿಯಲ್ಲಿ ಹೆಸರು ಎಲ್ಲಿಂದ ಬರಬೇಕು?

ಹಾಗಾದರೆ ಹತ್ತಿರದ್ದು ಯಾವುದು ಎಂದು ಕೇಳಿದರೆ, ವಾರಂಟ್ ಆಫೀಸರ್ ದರ್ಜೆ. ಕುವೈತ್‌ನಲ್ಲಿ ಅದು ‘ವಕೀಲ್ ದಾಬಿತ್’, ಅದರ ಮೇಲಿನದು ‘ವಕೀಲ್ ಅವ್ವಲ್ ದಾಬಿತ್’. ಇಲ್ಲಿನ ವಕೀಲ್‌ಗೂ ನಮ್ಮ ಕೋರ್ಟಿನ ವಕೀಲರಿಗೂ ಒಂದೇ ಪದ: ಇನ್ನೊಬ್ಬರ ಪರವಾಗಿ ನಿಲ್ಲುವವನು. ಜೋರ್ಡಾನ್‌ನಲ್ಲಿ ಬರೀ ‘ವಕೀಲ್’. ಈಜಿಪ್ಟ್, ಸಿರಿಯಾಗಳಲ್ಲಿ ‘ಮುಸಾಇದ್’, ಲೆಬನಾನ್‌ನಲ್ಲಿ ‘ಮುಆವಿನ್’, ಇರಾಕ್‌ನಲ್ಲಿ ‘ನಾಇಬ್ ದಾಬಿತ್’. ಸೌದಿಯಲ್ಲಿ ಈ ಮೆಟ್ಟಿಲಿಗೆ ‘ರಈಸ್ ರುಕಬಾ’, ರಕೀಬರ ಮುಖ್ಯಸ್ಥ ಎಂದು ಹೆಸರು. ದೇಶ ಬದಲಾದರೆ ಪದ ಬದಲಾಗುತ್ತದೆ, ಹಾಗಾಗಿ ಕಾಗದದ ಮೇಲೆ ಇವುಗಳಲ್ಲಿ ಯಾವುದನ್ನೂ ದರ್ಜೆಯಾಗಿ ಬರೆಸಬೇಡಿ. ಕಂಪನಿಯ ಆನ್‌ಲೈನ್ ಅರ್ಜಿಯಲ್ಲಿ ಸ್ಥಳೀಯ ದರ್ಜೆಗಳ ಪಟ್ಟಿಯಿಂದ ಒಂದನ್ನು ಆರಿಸಲೇಬೇಕಾದ ಸಂದರ್ಭ ಬಂದರೆ ಮಾತ್ರ, ಕುವೈತ್‌ಗೆ ವಕೀಲ್ ಅವ್ವಲ್ ದಾಬಿತ್ ಆರಿಸಿ, ಷರಾ ಬರೆಯುವ ಜಾಗದಲ್ಲಿ ಮೂಲ ಹೆಸರು ಹಾಕಿ.

ಇರಾಕಿನ ನಾಇಬ್ ದಾಬಿತ್ ನೋಡಿ ‘ಓ, ನಾಯಬ್ ಸುಬೇದಾರ್ ಅಂದರೆ ಇದೇ’ ಎಂದುಕೊಳ್ಳಬಾರದು. ನಾಇಬ್ ಎಂದರೆ ಬದಲಿಯವನು, ಉಪ. ಇರಾಕಿನಲ್ಲಿ ಅಧಿಕಾರಿಯ ಉಪ, ನಮ್ಮಲ್ಲಿ ಸುಬೇದಾರನ ಉಪ, ನಾಯಬ್ ತಹಶೀಲ್ದಾರ್‌ನಲ್ಲಿ ತಹಶೀಲ್ದಾರನ ಉಪ. ಪದ ಒಂದೇ, ಕೂತ ಕುರ್ಚಿ ಬೇರೆ.

ಈಗ ನಿಮ್ಮ ಎರಡನೆಯ ಪ್ರಶ್ನೆಗೆ ಬರೋಣ. ಸುಬೇದಾರ್ ಅರ್ಧ ಅರಬ್ಬಿ, ಅರ್ಧ ಪಾರಸಿ. ‘ಸುಬಾ’ ಅಂದರೆ ಪ್ರಾಂತ, ಅದನ್ನು ನಿಘಂಟುಗಳು ಅರಬ್ಬಿ ಮೂಲಕ್ಕೆ ಜೋಡಿಸುತ್ತವೆ. ‘ದಾರ್’ ಪಾರಸಿ, ಹಿಡಿದವನು, ಉಳ್ಳವನು. ಅಕ್ಬರ್ 1580ರಲ್ಲಿ ಸಾಮ್ರಾಜ್ಯವನ್ನು 12 ಸುಬಾಗಳಾಗಿ ವಿಂಗಡಿಸಿದ. ಒಂದೊಂದು ಸುಬಾ ಆಳುವವನು ಸುಬೇದಾರ, ಇಂದಿನ ಮಾತಿನಲ್ಲಿ ರಾಜ್ಯಪಾಲ. ನಮ್ಮ ನೆಲಕ್ಕೂ ಅದು ಬಂತು: ಬಿಜಾಪುರ ಬಿದ್ದ ಮರುವರ್ಷ, 1687ರಲ್ಲಿ, ಮೊಗಲರು ಶಿರಾವನ್ನು ರಾಜಧಾನಿ ಮಾಡಿಕೊಂಡು ಒಂದು ಸುಬಾ ಕಟ್ಟಿದರು. ನಿಜಾಮರ ರಾಜ್ಯದಲ್ಲಿ ಗುಲ್ಬರ್ಗ ಸುಬಾ ಇತ್ತು. ಅಲ್ಲಿನ ಸುಬೇದಾರ ಹಲವು ಜಿಲ್ಲೆಗಳ ಮೇಲಿನ ಕಂದಾಯ ಅಧಿಕಾರಿ, ಕೋವಿಗೂ ಅವನಿಗೂ ಸಂಬಂಧವಿಲ್ಲ. ಕಲಬುರಗಿಯ ಹಳಬರು ಸುಬೇದಾರ ಎಂದಾಗ ಅವರ ಕಣ್ಣಮುಂದೆ ಬರುವುದು ಕಚೇರಿ, ಕೊಡಗಿನವರಿಗೆ ಬರುವುದು ಪಲ್ಟನ್. ಬೆಂಗಳೂರಿನ ಸುಬೇದಾರ್ ಛತ್ರಂ ರಸ್ತೆಯಲ್ಲಿ ಓಡಾಡುವವರಿಗೆ ಎರಡೂ ಬರುವುದಿಲ್ಲ, ಬಸ್ಸಿನ ಬೋರ್ಡ್ ಬರುತ್ತದೆ.

ಈಸ್ಟ್ ಇಂಡಿಯಾ ಕಂಪನಿ ತನ್ನ ಸಿಪಾಯಿ ಪಲ್ಟನ್‌ಗಳನ್ನು ಕಟ್ಟುವಾಗ ಈ ದೊಡ್ಡ ಹೆಸರನ್ನು ತಂದು ಒಂದು ಕಂಪನಿಯ ಮುಖ್ಯ ದೇಶೀ ಅಧಿಕಾರಿಗೆ ಇಟ್ಟಿತು. ಪ್ರಾಂತ ಆಳುವವನ ಬಿರುದು ನೂರು ಚಿಲ್ಲರೆ ಜನರ ಮೇಲಿನವನಿಗೆ ಬಂದಿತು. ಆಗಿನ ಇಂಗ್ಲಿಷ್ ನಿಘಂಟುಗಳು ಸುಬೇದಾರ್ ಎಂದರೆ ಕ್ಯಾಪ್ಟನ್‌ಗೆ ಸಮಾನ ಎಂದು ಬರೆದವು, ಏಕೆಂದರೆ ಕಂಪನಿ ನಡೆಸುವುದು ಕ್ಯಾಪ್ಟನ್ ಕೆಲಸ. ಆದರೆ ಆ ಸುಬೇದಾರ ಎಷ್ಟೇ ಹಿರಿಯನಾದರೂ ನಿನ್ನೆ ಬಂದ ಬ್ರಿಟಿಷ್ ಹುಡುಗ ಅಧಿಕಾರಿಯ ಕೆಳಗೇ ನಿಲ್ಲಬೇಕಿತ್ತು. ಹಳೆಯ ನಿಘಂಟು ತೆರೆದು ಸುಬೇದಾರ್‌ಗೆ ‘ನಕೀಬ್’ ಎಂದು ಬರೆಯುವ ಅನುವಾದಕರು ಈ ಬಲೆಗೆ ಬೀಳುತ್ತಾರೆ. ಸುಬೇದಾರನ ಕೆಳಗಿನ ಜಮಾದಾರ್ ಎಂಬ ಹೆಸರು ಸೇನೆಯಲ್ಲಿ 1965ರವರೆಗೆ ಇತ್ತು, ಆಮೇಲೆ ನಾಯಬ್ ಸುಬೇದಾರ್ ಆಯಿತು. ಅಜ್ಜನ ಕಾಲದ ಕಾಗದಗಳಲ್ಲಿ ಜಮಾದಾರ್ ಎಂದಿದ್ದರೆ ಅದನ್ನು ಇಂದಿನ ಕಚೇರಿಯ ಜಮಾದಾರ ಎಂದುಕೊಂಡು ಪ್ಯೂನ್ ಮಾಡಿಬಿಟ್ಟೀರಿ, ಜೋಕೆ. ದಫೇದಾರ್ ಗತಿಯೂ ಹಾಗೇ. ಜಿಲ್ಲಾಧಿಕಾರಿ ಕಚೇರಿಯಲ್ಲಿ ಬಾಗಿಲ ಬಳಿ ನಿಲ್ಲುವವರು ದಫೇದಾರ್, ಟ್ಯಾಂಕ್ ರೆಜಿಮೆಂಟಿನಲ್ಲಿ ಹವಾಲ್ದಾರ್‌ಗೆ ಸಮನಾದ ದರ್ಜೆಯೂ ದಫೇದಾರ್.

ಹಾಗಾಗಿ ‘ಅರಬ್ಬಿ ಪದ ತಾನೇ, ಅರಬ್ಬರಿಗೆ ಅರ್ಥವಾಗುತ್ತದೆ’ ಎಂಬ ಭರವಸೆ ನಿಲ್ಲುವುದಿಲ್ಲ. ಅರಬ್ಬಿಯಲ್ಲಿ ‘ದಾರ್’ ಎಂದರೆ ಮನೆ. ಹವಾಲ್ದಾರ್ ಎಂದು ಅರಬ್ಬಿ ಅಕ್ಷರದಲ್ಲಿ ಬರೆದು ಸಾಮಾನ್ಯ ಗುಮಾಸ್ತರ ಮುಂದಿಟ್ಟರೆ, ‘ಹವಾಲಾ’ ಅವರಿಗೆ ಹಣದ ರವಾನೆ, ‘ದಾರ್’ ಮನೆ. ವಶಕ್ಕೆ ಕೊಡುವುದು, ಹವಾಲೆ ಮಾಡುವುದು ಎಂಬ ನಮ್ಮ ಅರ್ಥ ಅಲ್ಲಿಗೆ ಮುಟ್ಟುವುದೇ ಇಲ್ಲ. ರಿಸಾಲ್ದಾರ್ (ಕುದುರೆ ದಳದಲ್ಲಿ ಸುಬೇದಾರ್‌ಗೆ ಸಮನಾದ ದರ್ಜೆ) ಇನ್ನೂ ತಮಾಷೆ: ಇಂದಿನ ಅರಬ್ಬಿಯಲ್ಲಿ ‘ರಿಸಾಲಾ’ ಎಂದರೆ ಪತ್ರ, ಇಲ್ಲವೇ ವಿಶ್ವವಿದ್ಯಾಲಯಕ್ಕೆ ಕೊಡುವ ಪ್ರಬಂಧ. ಟಿಪ್ಪುವಿನ ಸೇನೆಯಲ್ಲಿ ರಿಸಾಲಾ ಕಾಲಾಳುಗಳ ದಳಕ್ಕೂ ಹೆಸರಾಗಿತ್ತು, ಬ್ರಿಟಿಷರ ಕೈಯಲ್ಲಿ ಕುದುರೆ ದಳಕ್ಕೆ ಸೀಮಿತವಾಯಿತು. 1918ರ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್ ಜೋಧಪುರದವರ ಜೊತೆ ಹೈಫಾ ಗೆದ್ದಾಗ ಇಂಥ ರಿಸಾಲ್ದಾರರು ಅರಬ್ಬಿ ಮಾತಿನ ನೆಲದಲ್ಲೇ ಇದ್ದರು. ಹೆಸರು ಮೂಲದ ಭಾಷೆಯ ಬಾಗಿಲಿಗೆ ಬಂದು ನಿಂತರೂ ಅಲ್ಲಿನವರಿಗೆ ಗುರುತು ಸಿಗದಷ್ಟು ಬದಲಾಗಿತ್ತು.

ಓದಿಕೊಂಡ ಅರಬ್ಬರಿಗೆ ಪಾರಸಿಯ ದಾರ್ ಪೂರ್ತಿ ಅಪರಿಚಿತವೂ ಅಲ್ಲ. ಈಜಿಪ್ಟ್ ಆಳಿದ ಮಮ್ಲೂಕ್ ಸುಲ್ತಾನರ ಕಾಲದ ಕೈರೋದಲ್ಲಿ ಸುಲ್ತಾನನ ಆಯುಧ ಹೊರುವವನು ಸಿಲಾಹ್‌ದಾರ್, ಖಜಾನೆಯವನು ಖಜ್ನದಾರ್. ಬ್ರಿಟಿಷರ ಕಾಲದಲ್ಲಿ ಈಜಿಪ್ಟ್ ಸೇನೆಯ ಮುಖ್ಯಸ್ಥನ ಬಿರುದೇ ಸಿರ್ದಾರ್, ನಮ್ಮ ಸರದಾರ. ಅದೇ ಸೇನೆಯಲ್ಲಿ ದರ್ಜೆಗಳಿಗೆ ತುರ್ಕಿ ಹೆಸರುಗಳೂ ಇದ್ದವು. 1952ರಲ್ಲಿ ರಾಜನನ್ನು ಇಳಿಸಿದಾಗ, ಮುಂದೆ ಈಜಿಪ್ಟಿನ ಅಧ್ಯಕ್ಷರಾದ ನಾಸರ್ ಅವರ ದರ್ಜೆ ಬಿಕ್‌ಬಾಶಿ, ಅಂದರೆ ಲೆಫ್ಟಿನೆಂಟ್ ಕರ್ನಲ್. ಆಮೇಲೆ ಅವನ್ನೆಲ್ಲ ತೆಗೆದು ಅರಬ್ಬಿ ಹೆಸರು ಹಾಕಿದರು, ಆದರೂ ಕೈರೋದ ಬೀದಿಯಲ್ಲಿ ಪೊಲೀಸಿನವನನ್ನು ‘ಯಾ ಶಾವೀಶ್’ ಎಂದು ಕೂಗುವವರು ಇದ್ದಾರೆ. ಅದು ತುರ್ಕಿ ಸಾರ್ಜೆಂಟ್. ಹಳೆಯ ಅರಬ್ಬಿ ನಿಘಂಟಿನಿಂದ ದರ್ಜೆಯ ಹೆಸರು ಎತ್ತಬಾರದು ಎನ್ನುವುದು ಇದಕ್ಕೇ. ಇರಾಕಿನಲ್ಲಿ ಒಂದು ಕಾಲಕ್ಕೆ ಕ್ಯಾಪ್ಟನ್‌ಗೆ ‘ರಈಸ್’ ಎನ್ನುತ್ತಿದ್ದರು. ಇಂದು ರಈಸ್ ಎಂದರೆ ಅಧ್ಯಕ್ಷ.

ಕ್ಯಾಪ್ಟನ್ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ನಿಮ್ಮ ಕಾಗದದಲ್ಲಿ ಅತಿ ಹೆಚ್ಚು ಕೆಡುವ ಜಾಗ ಅದೇ. ಭೂಸೇನೆಯ ಕ್ಯಾಪ್ಟನ್‌ಗೆ ಅರಬ್ಬಿಯಲ್ಲಿ ಸರಿಜೋಡಿ ಇದೆ, ನಕೀಬ್. ಜನರ ನಡುವಿನ ಮುಂದಾಳು ಎಂಬ ಅರ್ಥ. ಕುರಾನಿನಲ್ಲಿ 12 ನಕೀಬರ ಪ್ರಸ್ತಾಪವಿದೆ, ಇಂದು ವಕೀಲರ ಸಂಘದ ಅಧ್ಯಕ್ಷರಿಗೂ ನಕೀಬ್ ಎನ್ನುತ್ತಾರೆ. ಕ್ಯಾಪ್ಟನ್ ಎಂಬುದನ್ನು ಲಿಪ್ಯಂತರ ಮಾಡಬೇಡಿ. ಅರಬ್ಬಿಯಲ್ಲಿ ‘ಪ’ ಅಕ್ಷರವಿಲ್ಲ, ಅದು ‘ಕಾಬ್ತಿನ್’ ಆಗುತ್ತದೆ. ಕಾಬ್ತಿನ್ ಅಂದರೆ ವಿಮಾನದ ಪೈಲಟ್, ಹಡಗಿನ ಕಪ್ತಾನ, ಇಲ್ಲವೇ ಫುಟ್‌ಬಾಲ್ ತಂಡದ ನಾಯಕ.

ಈಗ ಅಕ್ಷರ ನೋಡಿ. ನಕೀಬ್ ಮತ್ತು ರಕೀಬ್ ಎರಡಕ್ಕೂ ನಾಲ್ಕೇ ಅಕ್ಷರ, ಕೊನೆಯ ಮೂರು ಒಂದೇ. ವ್ಯತ್ಯಾಸ ಮೊದಲನೆಯದರಲ್ಲಿ ಮಾತ್ರ. ನಕೀಬ್‌ನ ‘ನೂನ್’ ಒಂದು ಸಣ್ಣ ಹಲ್ಲಿನಂತೆ ಮೇಲೆದ್ದು, ತಲೆಯ ಮೇಲೆ ಒಂದು ಚುಕ್ಕೆ ಹೊತ್ತು, ಮುಂದಿನ ‘ಕಾಫ್’ಗೆ ಅಂಟಿಕೊಂಡಿರುತ್ತದೆ. ರಕೀಬ್‌ನ ‘ರಾ’ ಗೆರೆಯ ಕೆಳಗೆ ಬಾಗಿ ನಿಲ್ಲುತ್ತದೆ, ಚುಕ್ಕೆ ಇಲ್ಲ, ಮುಂದಿನ ಅಕ್ಷರಕ್ಕೆ ಅಂಟುವುದೂ ಇಲ್ಲ. ಅಚ್ಚಿನಲ್ಲಿ ಸ್ಪಷ್ಟ. ಆದರೆ ಕೈಬರಹದಿಂದ ನಕಲು ಮಾಡುವಾಗ, ಮಸುಕಾದ ಜೆರಾಕ್ಸ್ ನೋಡಿ ಮತ್ತೆ ಟೈಪ್ ಮಾಡುವಾಗ ಆ ಒಂದು ಚುಕ್ಕೆ ಹೋಗಿ ಕ್ಯಾಪ್ಟನ್ ಸಾರ್ಜೆಂಟ್ ಆಗುತ್ತಾನೆ. ಅರಬ್ಬಿ ಓದಲು ಬಾರದಿದ್ದರೂ ಪರವಾಗಿಲ್ಲ, ಬಲಗಡೆಯ ಮೊದಲ ಅಕ್ಷರ ಅಂಟಿದೆಯೇ, ಬಿಡಿಯಾಗಿದೆಯೇ ಎಂದು ನೀವೇ ನೋಡಬಹುದು. ಅಂಟಿದ್ದರೆ ನಕೀಬ್.

‘ಫಖ್ರೀ’ ಎಂಬ ಪದ ಬಿಡುವಂತಿಲ್ಲ. ಗೌರವಾರ್ಥ ಎಂದು ಅದರ ಅರ್ಥ, ಗೌರವ ಡಾಕ್ಟರೇಟ್‌ಗೂ ಅರಬ್ಬಿಯಲ್ಲಿ ಅದೇ ವಿಶೇಷಣ. ಬರೀ ನಕೀಬ್ ಎಂದರೆ, ನಿಮ್ಮ ತಂದೆ ಕಮಿಷನ್ ಪಡೆದು ಕ್ಯಾಪ್ಟನ್ ಹುದ್ದೆಯಲ್ಲಿ ಸೇವೆ ಮಾಡಿದರು ಎಂದಾಗುತ್ತದೆ. ಡಿಸ್ಚಾರ್ಜ್ ಬುಕ್‌ನಲ್ಲಿ ಹಾಗಿಲ್ಲ. ಏಜೆಂಟರ ‘ದೊಡ್ಡದೇ ಇರಲಿ’ ಎಂಬ ಮಾತಿನ ಅಪಾಯವೂ ಇಲ್ಲೇ. ಕಾಗದವನ್ನು ಪಕ್ಕಪಕ್ಕ ಇಟ್ಟು ನೋಡುವವರು ಕಂಪನಿಯಲ್ಲಿ ಒಬ್ಬರಾದರೂ ಇರುತ್ತಾರೆ, ಕೊಲ್ಲಿಯ ಸೆಕ್ಯುರಿಟಿ ಕಂಪನಿಗಳಲ್ಲಿ ಭಾರತದ ಮಾಜಿ ಸೈನಿಕರಿಗೇನೂ ಬರವಿಲ್ಲ. ಇಂಗ್ಲಿಷ್ ಮೂಲದಲ್ಲಿ ಸುಬೇದಾರ್ ಮೇಜರ್, ಅರಬ್ಬಿಯಲ್ಲಿ ರಾಇದ್ ಎಂದು ಕಂಡರೆ ಅನುವಾದಕರ ತಪ್ಪು ಎಂದು ಯಾರೂ ಅಂದುಕೊಳ್ಳುವುದಿಲ್ಲ, ಅರ್ಜಿದಾರರೇ ತಿದ್ದಿಸಿದ್ದಾರೆ ಎಂದುಕೊಳ್ಳುತ್ತಾರೆ.

ಇದೇ ಸಾಲಿನಲ್ಲಿ ನೌಕಾಪಡೆ, ವಾಯುಪಡೆಯಿಂದ ಬಂದವರಿಗೆ ಒಂದು ಮಾತು. ಅರಬ್ ದೇಶಗಳಲ್ಲಿ ಸಾಮಾನ್ಯವಾಗಿ ಮೂರೂ ಪಡೆಗಳಿಗೆ ದರ್ಜೆಯ ಹೆಸರು ಒಂದೇ. ನಮ್ಮಲ್ಲಿ ಹಾಗಲ್ಲ. ನೌಕಾಪಡೆಯ ಕ್ಯಾಪ್ಟನ್ ಭೂಸೇನೆಯ ಕರ್ನಲ್‌ಗೆ ಸಮ, ಅವರನ್ನು ನಕೀಬ್ ಎಂದು ಬರೆದರೆ ಮೂರು ಮೆಟ್ಟಿಲು ಕೆಳಗೆ ತಳ್ಳಿದಂತೆ. ಅವರಿಗೆ ‘ಅಕೀದ್’ ಆಗಬೇಕು, ಜೊತೆಗೆ ನೌಕಾಪಡೆ ಎಂಬ ಸೂಚನೆ. ವಾಯುಪಡೆಯ ಗ್ರೂಪ್ ಕ್ಯಾಪ್ಟನ್ ಕೂಡ ಅಕೀದ್, ವಿಂಗ್ ಕಮಾಂಡರ್ ‘ಮುಕದ್ದಮ್’, ಸ್ಕ್ವಾಡ್ರನ್ ಲೀಡರ್ ರಾಇದ್, ಫ್ಲೈಟ್ ಲೆಫ್ಟಿನೆಂಟ್ ನಕೀಬ್. ನಿಮ್ಮ ತಂದೆಗೆ ಸಮನಾದವರು ವಾಯುಪಡೆಯಲ್ಲಿ ಮಾಸ್ಟರ್ ವಾರಂಟ್ ಆಫೀಸರ್, ನೌಕಾಪಡೆಯಲ್ಲಿ ಮಾಸ್ಟರ್ ಚೀಫ್ ಪೆಟಿ ಆಫೀಸರ್ ಫಸ್ಟ್ ಕ್ಲಾಸ್, ಟ್ಯಾಂಕ್ ರೆಜಿಮೆಂಟಿನಲ್ಲಿ ರಿಸಾಲ್ದಾರ್ ಮೇಜರ್.

ಮೇಲಿನ ದರ್ಜೆಗಳಲ್ಲಿ ಗೊಂದಲ ಕಡಿಮೆ. ಬ್ರಿಗೇಡಿಯರ್ ‘ಅಮೀದ್’. ಕಾಲೇಜಿನ ಡೀನ್‌ಗೂ ಅದೇ ಪದ, ಪ್ರಮಾಣಪತ್ರ ಯಾವುದೆಂದು ನೋಡಿ ಅರ್ಥ ಮಾಡಿಕೊಳ್ಳಬೇಕು. ಮೇಜರ್ ಜನರಲ್ ‘ಲಿವಾ’, ಬಾವುಟ ಎಂದು ಅರ್ಥ. ಲೆಫ್ಟಿನೆಂಟ್ ಜನರಲ್ ‘ಫರೀಕ್’, ಜನರಲ್ ‘ಫರೀಕ್ ಅವ್ವಲ್’. ಕೊಡಗಿನವರೇ ಆದ ತಿಮ್ಮಯ್ಯನವರು ಅರಬ್ಬಿ ಪತ್ರಿಕೆಯಲ್ಲಿ ಫರೀಕ್ ಅವ್ವಲ್. 1986ರಲ್ಲಿ ಫೀಲ್ಡ್ ಮಾರ್ಷಲ್ ಪದವಿ ಪಡೆದ ಕಾರ್ಯಪ್ಪನವರು ‘ಮುಶೀರ್’.

ಇನ್ನು ಕೆಲಸಕ್ಕೆ ಇಳಿಯೋಣ. ಅನುವಾದಕರ ಬಳಿ ಹೋಗುವ ಮುನ್ನ ಡಿಸ್ಚಾರ್ಜ್ ಬುಕ್, ಪಿಂಚಣಿ ಆದೇಶ, ಮಾಜಿ ಸೈನಿಕರ ಗುರುತಿನ ಚೀಟಿ ಮೂರನ್ನೂ ಮುಂದಿಟ್ಟು ದರ್ಜೆ ಹೇಗೆ ಬರೆದಿದೆ ಎಂದು ಹೋಲಿಸಿ. ಒಂದರಲ್ಲಿ ಸುಬೇದಾರ್ ಮೇಜರ್, ಇನ್ನೊಂದರಲ್ಲಿ ಆನರರಿ ಕ್ಯಾಪ್ಟನ್ ಮಾತ್ರ ಇರುವುದು ಸಾಮಾನ್ಯ. ಆಗ ಅನುವಾದದಲ್ಲಿ ಆಯಾ ಕಾಗದದಲ್ಲಿ ಇದ್ದಷ್ಟೇ ಬರಬೇಕು. ಗೌರವ ಪದವಿಯ ಗೆಜೆಟ್ ಅಧಿಸೂಚನೆಯ ಪ್ರತಿ ಜೊತೆಗಿಟ್ಟರೆ ಪ್ರಶ್ನೆ ಏಳುವುದಿಲ್ಲ.

ಸೇನೆಯ ಕಾಗದಗಳಲ್ಲಿ ದರ್ಜೆ ಬಹುಪಾಲು ಚುಟುಕು ರೂಪದಲ್ಲಿರುತ್ತದೆ: ‘ಸಬ್ ಮೇಜ್’, ‘ಎನ್‌ಬಿ ಸಬ್’, ‘ಹವ್’, ‘ಆನ್ ಕ್ಯಾಪ್ಟ್’ ಎಂಬ ರೀತಿ. ಸೇನೆ ಗೊತ್ತಿಲ್ಲದ ಅನುವಾದಕರು ಸಬ್ ಎಂಬುದನ್ನು ‘ಉಪ’ ಎಂದು ಓದಿ ಉಪ ಮೇಜರ್ ಮಾಡಿಬಿಡುತ್ತಾರೆ. ಆದ್ದರಿಂದ ಒಂದು ಹಾಳೆಯಲ್ಲಿ ಚುಟುಕು ರೂಪ, ಪೂರ್ಣ ರೂಪ, ಮೇಲೆ ಕೊಟ್ಟ ಅರಬ್ಬಿ ಸಾಲು ಮೂರನ್ನೂ ಬರೆದುಕೊಡಿ. ಜೆಸಿಓ ಎಂಬುದನ್ನು ‘ದಾಬಿತ್ ಸಗೀರ್’ ಎಂದು ಪದಶಃ ಮಾಡದಂತೆ ಹೇಳಿ. ಅದು ಚಿಕ್ಕ ಅಧಿಕಾರಿ, ಹುಡುಗ ಅಧಿಕಾರಿ ಎಂಬಂತೆ ಕೇಳಿಸುತ್ತದೆ.

ಸುಬೇದಾರ್ ಎಂಬುದನ್ನು ಅರಬ್ಬಿಯಲ್ಲಿ ‘ಸ್ವಾದ್’ನಿಂದಲೂ ಬರೆಯುತ್ತಾರೆ, ‘ಸೀನ್’ನಿಂದಲೂ ಬರೆಯುತ್ತಾರೆ. ಪಾರಸಿ, ಉರ್ದು ರೂಢಿ ಸ್ವಾದ್. ಯಾವುದಾದರೂ ಸರಿ, ಎಲ್ಲ ಕಾಗದದಲ್ಲೂ ಒಂದೇ ಇರಬೇಕು. ಅರಬ್ಬಿಯಲ್ಲಿ ‘ಬೇ’ ಎಂಬ ಉಚ್ಚಾರವಿಲ್ಲದ ಕಾರಣ ಅದು ‘ಬೀ’ ಆಗುತ್ತದೆ, ಅದನ್ನು ತಪ್ಪೆಂದು ತಿದ್ದಿಸಲು ಹೋಗಬೇಡಿ. ದರ್ಜೆಯನ್ನು ಹೆಸರಿನ ಸಾಲಿನಲ್ಲಿ ಸೇರಿಸಬಾರದು. ಪಾಸ್‌ಪೋರ್ಟಿನಲ್ಲಿ ಸುಬೇದಾರ್ ಇಲ್ಲ. ಅರಬ್ಬಿ ಕಾಗದದ ಹೆಸರಿನ ಸಾಲಿನಲ್ಲಿ ಅದು ಬಂದರೆ ಕುಟುಂಬದ ಹೆಸರು ಎಂದು ತಿಳಿದು, ಎರಡು ಹೆಸರು ತಾಳೆಯಾಗುತ್ತಿಲ್ಲ ಎಂದು ಕಡತ ವಾಪಸ್ ಬರುತ್ತದೆ. ದರ್ಜೆಗೆ ಪ್ರತ್ಯೇಕ ಸಾಲು ಇರಲಿ.

ಅಂಕಿಗಳನ್ನು ನೀವೇ ಪರೀಕ್ಷಿಸಿ. ಅರಬ್ಬಿ ಬರಹದಲ್ಲಿ ಬಳಸುವ ಅಂಕಿಗಳಲ್ಲಿ 5 ನಮ್ಮ ಸೊನ್ನೆಯಂತೆ ದುಂಡಗೆ, ಸೊನ್ನೆ ಬರೀ ಒಂದು ಚುಕ್ಕೆ. ಸೇವಾ ಅವಧಿಯ ತಾರೀಕಿನಲ್ಲಿ ಇದು ಅದಲುಬದಲಾದರೆ ವರ್ಷಗಳೇ ಏರುಪೇರಾಗುತ್ತವೆ. ಜೆಸಿ ಎಂದು ಶುರುವಾಗುವ ಸೇವಾ ಸಂಖ್ಯೆ ಬಲದಿಂದ ಎಡಕ್ಕೆ ಸಾಗುವ ಸಾಲಿನೊಳಗೆ ಸಿಕ್ಕಾಗ ಕಂಪ್ಯೂಟರ್ ಅದರ ಕೊನೆಯ ಅಕ್ಷರವನ್ನು ಮುಂದಕ್ಕೆ ಎಸೆಯುವುದುಂಟು. ಅದನ್ನು ಇಂಗ್ಲಿಷ್ ಅಕ್ಷರ ಅಂಕಿಗಳಲ್ಲೇ, ಬೇರೆ ಸಾಲಿನಲ್ಲಿ ಇರಿಸಲು ಹೇಳಿ. ‘ಮುತಕಾಇದ್’ ಇದೆಯೇ ನೋಡಿ. ಅದರ ಬದಲು ‘ಸಾಬಿಕ್’ ಎಂದಿದ್ದರೆ ಮಾಜಿ ಎಂದಷ್ಟೇ ಆಗುತ್ತದೆ, ಪಿಂಚಣಿಯೊಂದಿಗೆ ನಿವೃತ್ತರಾದರೋ, ನಡುವೆ ಬಿಟ್ಟರೋ ಗೊತ್ತಾಗುವುದಿಲ್ಲ.

ಮುದ್ರೆಗಳ ವಿಷಯ ದೇಶದ ಮೇಲೆ ನಿಂತಿದೆ. ಭಾರತ 2005ರಿಂದ ಅಪೊಸ್ಟೀಲ್ ಒಪ್ಪಂದದಲ್ಲಿದೆ (ಕಾಗದ ಅಸಲಿ ಎಂದು ದೃಢೀಕರಿಸುವ ಒಂದೇ ಮುದ್ರೆಯನ್ನು ಸದಸ್ಯ ದೇಶಗಳು ಒಪ್ಪುವ ಏರ್ಪಾಡು). ಒಮಾನ್ 2012ರಲ್ಲಿ, ಬಹ್ರೇನ್ 2013ರಲ್ಲಿ, ಸೌದಿ 2022ರಲ್ಲಿ ಸೇರಿದವು. ಅಲ್ಲಿಗೆ ಹೋಗುವ ಕಾಗದಕ್ಕೆ ನಮ್ಮ ವಿದೇಶಾಂಗ ಸಚಿವಾಲಯದ ಅಪೊಸ್ಟೀಲ್ ನಡೆಯುತ್ತದೆ. ಕುವೈತ್‌ಗೆ ದೃಢೀಕರಣದ ಸರಪಳಿ ಉದ್ದ: ಸಚಿವಾಲಯದ ಮುದ್ರೆ, ಆ ಮೇಲೆ ಕುವೈತ್ ದೂತಾವಾಸದ್ದು, ಅಲ್ಲಿ ಇಳಿದ ಮೇಲೆ ಅವರ ವಿದೇಶಾಂಗ ಇಲಾಖೆಯದ್ದು. ಮುದ್ರೆಗಳೆಲ್ಲ ಬಿದ್ದ ಮೇಲೆ ಅನುವಾದ ಮಾಡಿಸುವುದು ಜಾಣತನ. ಕಾಗದದ ಹಿಂಬದಿಯ ಮುದ್ರೆಗಳ ಬರಹವೂ ಅನುವಾದದಲ್ಲಿ ಬರಬೇಕು. ಮೊದಲೇ ಮಾಡಿಸಿದರೆ ಅದಕ್ಕಾಗಿ ಎರಡನೆಯ ಸಲ ದುಡ್ಡು ತೆರಬೇಕಾಗುತ್ತದೆ.

ರಾಇದ್ ಎಂದು ಬರೆದ ಮೊದಲ ಪ್ರತಿ ಈಗಾಗಲೇ ನಿಮ್ಮ ಕೈಯಲ್ಲಿದೆಯಲ್ಲ, ಅದನ್ನು ವೈಟ್ನರ್ ಹಾಕಿ ಅಥವಾ ಪೆನ್ನಿನಲ್ಲಿ ಹೊಡೆದು ತಿದ್ದಬೇಡಿ. ತಿದ್ದಿದ ಅನುವಾದ ಯಾವ ಕೌಂಟರಿನಲ್ಲೂ ನಡೆಯುವುದಿಲ್ಲ. ಹೊಸದಾಗಿ ಪೂರ್ತಿ ಮಾಡಿಸಿ, ಅನುವಾದಕರ ಸಹಿ, ಮೊಹರು, ತಾರೀಕು ಹೊಸದಿರಲಿ. ಹಳೆಯ ಪ್ರತಿಯನ್ನು ಏಜೆಂಟರು ಈಗಾಗಲೇ ಕಂಪನಿಗೆ ಕಳಿಸಿಬಿಟ್ಟಿದ್ದರೆ, ಹೊಸದನ್ನು ಕಳಿಸುವಾಗ ‘ದರ್ಜೆಯ ಅನುವಾದದಲ್ಲಿ ತಪ್ಪಾಗಿತ್ತು, ಇದು ಸರಿಪಡಿಸಿದ ಪ್ರತಿ’ ಎಂದು ತಂದೆಯವರೇ ಎರಡು ಸಾಲಿನ ಪತ್ರಕ್ಕೆ ಸಹಿ ಮಾಡಿ ಜೊತೆಗೆ ಇಡಲಿ.